ಸಾಗರದ ನಾದಿನಿಯ ಮನೆ

ಇನ್ನೂರ ಹನ್ನೆರಡನೆಯ ಪುಟದಲ್ಲಿ, ಕೆಳಗಿನಿಂದ ಮೂರನೆಯ ಸಾಲಿನಲ್ಲಿ, ಗಿರಿಜೆ ಸಾಯುತ್ತಾಳೆ. ಆ ಸಾಲಿನ ಪಕ್ಕದಲ್ಲಿ ಯಾರೋ ಓದುಗರು ಪೆನ್ಸಿಲಿನಲ್ಲಿ ‘ಪಾಪ’ ಎಂದು ಬರೆದು, ಬರೆದದ್ದು ಸಾಲದೆ ಅಡಿಗೆರೆಯನ್ನೂ ಎಳೆದಿದ್ದಾರೆ. ನಾನು ಮಾತ್ರ ಅವಳನ್ನು ಸಾಯಲು ಬಿಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಸಾಗರಕ್ಕೆ ಕಳಿಸಿಬಿಟ್ಟೆ.

ನಾನು ಸುಳ್ಳು ಹೇಳುವವಳಲ್ಲ. ಅದು ಒಳ್ಳೆಯತನದಿಂದಲ್ಲ, ಸುಳ್ಳಿಗೆ ನಿಜಕ್ಕಿಂತ ಹೆಚ್ಚು ಮಾತು ಖರ್ಚಾಗುತ್ತದೆ ಎಂಬ ಕಾರಣಕ್ಕೆ. ಮನೆಯಲ್ಲಿ ಒಂದೇ ಉಸಿರಿಗೆ ನಾಲ್ಕು ವಾಕ್ಯ ಆಡಿದರೆ ಅಮ್ಮ ಹಣೆ ಮುಟ್ಟಿ ಜ್ವರ ನೋಡುತ್ತಾಳೆ. ಕಾಲೇಜಿನಲ್ಲಿ ನಾನು ಪಾಠ ಮಾಡುವುದು ಸಂಖ್ಯಾಶಾಸ್ತ್ರ. ಅಲ್ಲಿ ಊಹೆ ಮಾಡುವುದಕ್ಕೂ ಒಂದು ಸೂತ್ರವಿದೆ. ಕಥೆಯೊಳಗಿನ ಜನ ಕಷ್ಟ, ಸಾವು, ನಿರೀಕ್ಷೆ ಇವನ್ನೆಲ್ಲ ಹೇಗೆ ಎದುರಿಸುತ್ತಾರೆ ಎಂದು ಯಾರಾದರೂ ಕೇಳಿದ್ದರೆ, ಬರೆದವರು ಹೇಳಿದ ಹಾಗೆ ಎದುರಿಸುತ್ತಾರೆ, ನಡುವೆ ನಮ್ಮದೇನಿದೆ ಎಂದುಬಿಡುತ್ತಿದ್ದೆ. ಈ ಬೇಸಿಗೆ ರಜೆಯವರೆಗೂ ನನ್ನ ಅಭಿಪ್ರಾಯ ಅದೇ ಆಗಿತ್ತು.

ರಜೆ ಶುರುವಾದ ವಾರ ದೊಡ್ಡಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅವರಿರುವುದು ಭದ್ರಾವತಿಯ ಜನ್ನಾಪುರದಲ್ಲಿ, ಮಗ ಸೊಸೆಯ ಜೊತೆ. ಆಸ್ಪತ್ರೆ ಶಿವಮೊಗ್ಗದಲ್ಲಿ. ಹಾಗಾಗಿ ಹತ್ತು ದಿನ ರವೀಂದ್ರನಗರದ ನಮ್ಮ ಮನೆಯಲ್ಲೇ ಇರಲಿ ಎಂದು ಅಮ್ಮ ತೀರ್ಮಾನಿಸಿದಳು. ದೊಡ್ಡಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫೋರ್‌ಮನ್ ಆಗಿದ್ದವರು. ಅವರದೊಂದು ವಿಚಿತ್ರವಿದೆ. ನಿಜವಾದ ಕಷ್ಟಕ್ಕೆ ಅವರು ಅಳುವುದಿಲ್ಲ. ಎರಡು ವರ್ಷದ ಹಿಂದೆ, ಯಾರ ಮನೆಯ ಕಾಫಿಯನ್ನೂ ಬರೀ ನೀರೆಂದು ಆಡಿಕೊಳ್ಳುತ್ತಿದ್ದ ದೊಡ್ಡಮ್ಮ ತೀರಿಕೊಂಡ ದಿನ, ಶಾಮಿಯಾನದ ಕಂಬ ಓರೆಯಾಗಿದೆ ಎಂದು ಮೂರು ಸಲ ಬಿಚ್ಚಿಸಿ ಕಟ್ಟಿಸಿದರು. ದೂರದಿಂದ ಬಂದವರಿಗೆ ಕಾಫಿ ಸಿಕ್ಕಿತೇ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ಕಣ್ಣಲ್ಲಿ ಒಂದು ಹನಿ ಇಲ್ಲ. “ಕಬ್ಬಿಣದ ಊರಲ್ಲಿದ್ದು ಎದೆನೂ ಕಬ್ಬಿಣ ಆಗಿದೆ” ಎಂದು ನೆಂಟರು ಆಡಿಕೊಂಡರು. ಅದೇ ದೊಡ್ಡಪ್ಪ, ಧಾರಾವಾಹಿಯಲ್ಲಿ ಯಾರದೋ ಸೊಸೆಯನ್ನು ಮನೆಯಿಂದ ಹೊರಹಾಕಿದರೆ ಟವೆಲು ಹಿಂಡುವಷ್ಟು ಅಳುತ್ತಾರೆ. ಸೊಸೆಯೂ ಬೇಕಾಗಿಲ್ಲ. ಜಾಹೀರಾತಿನಲ್ಲಿ ಮೊಮ್ಮಗಳೊಬ್ಬಳು ಅಜ್ಜನಿಗೆ ಸ್ವೆಟರ್ ತೊಡಿಸಿದರೂ ಸಾಕು.

ಆಸ್ಪತ್ರೆಯಿಂದ ಬಿಡುವಾಗ ನರ್ಸು ಬೆರಳು ಮಡಚುತ್ತ ಹೇಳಿದ್ದು ಇಷ್ಟು: ಬಗ್ಗಬಾರದು, ತಲೆಗೆ ನೀರು ಬೇಡ, ಕಣ್ಣು ಉಜ್ಜಬಾರದು, ಹಣೆಗೆ ವಿಭೂತಿ ಬೇಡ, ಉದುರಿ ಒಳಗೆ ಬೀಳುತ್ತದೆ. ಮನೆ ಮುಟ್ಟುವಷ್ಟರಲ್ಲಿ ಅಮ್ಮ ತನ್ನ ಕಡೆಯಿಂದ ಐದನೆಯದನ್ನು ಸೇರಿಸಿದ್ದಳು. “ಭಾವ, ಮುಖ್ಯವಾಗಿ ಅಳ್ಬಾರ್ದು. ಅತ್ರೆ ಒಳಗಿಟ್ಟಿರೋ ಲೆನ್ಸು ತೇಲ್ಕೊಂಡು ಹೊರಗೆ ಬಂದ್ಬಿಡುತ್ತೆ.” ಇದನ್ನು ಯಾವ ಡಾಕ್ಟರು ಹೇಳಿದರು ಎಂದು ನಾನು ಕೇಳಲಿಲ್ಲ. ಅಮ್ಮ ಟಿವಿಯ ರಿಮೋಟನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು. ಇನ್ನೊಂದು ಕಣ್ಣಲ್ಲಿ ಮೊದಲೇ ಮಂಜು ತುಂಬಿದ್ದ ದೊಡ್ಡಪ್ಪ, ಕಪ್ಪು ಕನ್ನಡಕ ಹಾಕಿಕೊಂಡು ಎರಡು ದಿನ ಕುರ್ಚಿಯಲ್ಲಿ ಕೂತರು. ಮೂರನೆಯ ದಿನ, “ಟಿವಿ ಇಲ್ಲ, ಪೇಪರ್ ಇಲ್ಲ, ವಿಭೂತಿ ಇಲ್ಲ. ಸಸ್ಪೆಂಡ್ ಆದೋನ ತರ ಕೂರ್ಸಿದೀರಲ್ಲೇ. ಏನಾದ್ರೂ ಓದಿ ಹೇಳು ಮಾರಾಯ್ತಿ” ಎಂದರು. ಓದು, ಆದರೆ ಅಳುವಂಥದ್ದು ಬೇಡ ಎಂದು ಅಮ್ಮ ಅಡುಗೆಮನೆಯಿಂದಲೇ ಷರತ್ತು ಹಾಕಿದಳು.

ಗ್ರಂಥಾಲಯಕ್ಕೆ ಹೋಗಿ ಹಗುರವಾದ ಸಾಂಸಾರಿಕ ಕಾದಂಬರಿ ಕೊಡಿ ಎಂದೆ. ಅಲ್ಲಿದ್ದವರು ಕೆಂಪು ಬಟ್ಟೆಯ ಬೈಂಡಿನ ದಪ್ಪ ಪುಸ್ತಕವೊಂದನ್ನು ಕೊಟ್ಟು, “ಧೈರ್ಯವಾಗಿ ತಗೊಂಡ್ ಹೋಗಿ ಮೇಡಂ, ಎಲ್ಲರೂ ಇದನ್ನೇ ಕೇಳ್ತಾರೆ” ಎಂದರು. ರಕ್ಷಾಪುಟವೂ ಮೊದಲ ಹದಿನಾರು ಪುಟಗಳೂ ಇಲ್ಲದ ಕಾರಣ ಅದರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಮಾಧವ ಎಂಬ ಮೇಷ್ಟರು, ಅವರ ಹೆಂಡತಿ ಗಿರಿಜೆ, ಗಿರಿಜೆಯ ಅತ್ತೆ, ಒಂದು ಹಸು. ಮೊದಲ ದಿನ ಎಲ್ಲವೂ ಹಗುರವಾಗಿಯೇ ಇತ್ತು. ಅರವತ್ತನಾಲ್ಕನೆಯ ಪುಟದಲ್ಲಿ ಅತ್ತೆಗೆ ಎದೆನೋವು ಬಂತು. ನನ್ನ ಕಣ್ಣು ಎರಡು ಸಾಲು ಮುಂದಕ್ಕೆ ಹಾರಿತು. ದೊಡ್ಡಪ್ಪನ ಕೈ ಆಗಲೇ ಹೆಗಲ ಮೇಲಿನ ಟವೆಲನ್ನು ಹುಡುಕುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು.

“ಅತ್ತೆ ಸಾಗರಕ್ಕೆ ಹೋದರು” ಎಂದೆ.

ಸಾಗರ ಯಾಕೆ ಬಂತೆಂದರೆ, ಮಾಧವನ ತಂಗಿಯನ್ನು, ಎಂದರೆ ಗಿರಿಜೆಯ ನಾದಿನಿಯನ್ನು, ಸಾಗರಕ್ಕೆ ಕೊಟ್ಟಿದೆ ಎಂದು ಎಲ್ಲೋ ಒಂದು ಸಾಲಿನಲ್ಲಿ ಬಂದಿತ್ತು. ಪುಸ್ತಕದಲ್ಲಿ ಆಕೆಯ ಕೆಲಸ ಅಷ್ಟೇ. “ಹೇಳಿ ಹೋದ್ಲಾ, ಸುಮ್ನೆ ಹೋದ್ಲಾ?” ಎಂದರು ದೊಡ್ಡಪ್ಪ. ಹೇಳಿಯೇ ಹೋದರು ಎಂದೆ. “ಹಾಗಿದ್ರೆ ಸರಿ. ರಜೆ ಹಾಕ್ದೆ ಹೋಗೋರನ್ನ ನಂಬ್ಬಾರ್ದು.” ಟವೆಲು ಹೆಗಲಿಗೆ ವಾಪಸಾಯಿತು.

ಆಮೇಲೆ ತಿಳಿದದ್ದು, ಆ ಲೇಖಕರ ಕೈ ಬಹಳ ಉದಾರ ಎಂದು. ನೂರು ಪುಟ ದಾಟುವುದರೊಳಗೆ ಹಸು ಸತ್ತಿತು, ಗಿರಿಜೆಯ ತಂದೆ ಸತ್ತರು, ಆಗಾಗ ಕಾಗದ ತರುತ್ತಿದ್ದ ಅಂಚೆಯಣ್ಣನನ್ನೂ ಬಿಡಲಿಲ್ಲ. ನನಗೆ ಕಲ್ಪನಾಶಕ್ತಿ ಎಂಬುದು ಎಂದೂ ಇದ್ದಿಲ್ಲ. ಒಮ್ಮೆ ಸರಿಹೋದ ಉತ್ತರವನ್ನೇ ಎಲ್ಲ ಪ್ರಶ್ನೆಗೂ ಬರೆಯುವ ವಿದ್ಯಾರ್ಥಿಯ ಹಾಗೆ ಒಬ್ಬೊಬ್ಬರನ್ನೇ ಸಾಗರಕ್ಕೆ ಕಳಿಸುತ್ತ ಹೋದೆ. ಗೊಂದಲವಾಗಬಾರದೆಂದು ನೋಟ್‌ಬುಕ್ಕಿನಲ್ಲಿ ಕೋಷ್ಟಕವನ್ನೂ ಹಾಕಿಕೊಂಡೆ: ಹೆಸರು, ಪುಟ, ನಿಜವಾಗಿ ಆದದ್ದು, ನಾನು ಹೇಳಿದ್ದು. ಕೊನೆಯ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ಊರು.

“ಆ ಮನೇಲಿ ಎಷ್ಟು ರೂಮಿದೆ?” ಎಂದು ದೊಡ್ಡಪ್ಪ ಒಂದು ದಿನ ಕೇಳಿದರು. ಐದು ಎಂದೆ. ಅವರು ಬೆರಳಲ್ಲಿ ಲೆಕ್ಕ ಹಾಕಿ, ಅತ್ತೆಗೂ ಬೀಗರಿಗೂ ಎದುರುಬದುರು ರೂಮು ಬೇಡ, ಜಗಳ ಬರುತ್ತದೆ, ಅಂಚೆಯಣ್ಣ ಜಗುಲಿಯಲ್ಲಿ ಮಲಗಲಿ ಎಂದು ಹಂಚಿಕೆ ಮಾಡಿದರು. ಹಸುವನ್ನು ಬಸ್ಸಿನಲ್ಲಿ ಹೇಗೆ ಹತ್ತಿಸಿದರು ಎಂದು ಕೇಳಿದವಳು ಅಮ್ಮ. ಇದೆಲ್ಲ ಏಕೆ ನಡೆಯುತ್ತಿದೆ ಎಂದು ಪೂರ್ತಿ ಗೊತ್ತಿದ್ದ ಅಮ್ಮ. ಐದನೆಯ ದಿನ ಹುರುಳಿಕಾಯಿ ಸೋಸುತ್ತಿದ್ದವಳು ಇದ್ದಕ್ಕಿದ್ದಂತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಲ್ಲ ಕಣೇ, ಆ ನಾದಿನಿ ಗತಿ ಏನು? ಅಷ್ಟು ಜನಕ್ಕೆ ಒಬ್ಳೇ ಬೇಯಿಸಿ ಹಾಕ್ಬೇಕಲ್ಲ. ಒಬ್ರಾದ್ರೂ ತಟ್ಟೆ ತೊಳೀತಾರಾ?” ನಮ್ಮ ಮನೆಯಲ್ಲಿ ಆ ಹತ್ತು ದಿನ ಬಿದ್ದ ಕಣ್ಣೀರು ಅದೊಂದೇ, ಅದೂ ಸಾಯದ ಒಬ್ಬಳಿಗಾಗಿ. ಮರುದಿನ ನಾನು ಸಾಗರದಲ್ಲಿ ಒಬ್ಬ ಅಡುಗೆಯವರನ್ನು ನೇಮಿಸಬೇಕಾಯಿತು.

ಹೀಗೆ ಇನ್ನೂರ ಹನ್ನೆರಡನೆಯ ಪುಟ ಬಂತು. ಗಿರಿಜೆಯನ್ನೂ ಕಳಿಸಿದೆ. ದೊಡ್ಡಪ್ಪ ಟವೆಲನ್ನು ಮಡಚಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಆಮೇಲೆ, “ಯಾವಾಗ ಬರ್ತಾಳೆ?” ಎಂದರು. ಹಬ್ಬಕ್ಕೆ ಎಂದೆ. ಯಾವ ಹಬ್ಬ ಎಂದು ಅವರು ಕೇಳಲಿಲ್ಲ. ತೊಂದರೆ ಕೊಟ್ಟವನು ಮಾಧವ. ಹೆಂಡತಿ ಹೋದ ಮೇಲೆ ಪುಸ್ತಕ ಮುಗಿಯುವವರೆಗೂ, ಎಂಬತ್ತು ಪುಟ, ಅವನು ಅಳುತ್ತಾನೆ. ನೆಂಟರ ಮನೆಗೆ ಹೋದವಳಿಗಾಗಿ ಗಂಡಸು ಎಂಬತ್ತು ಪುಟ ಅಳುವುದನ್ನು ಹೇಗೆ ಸಮರ್ಥಿಸುವುದು? ನೆಗಡಿ ಎಂದೆ. “ಎಂಬತ್ತು ಪುಟ ನೆಗಡಿನಾ? ಡಾಕ್ಟ್ರಿಗೆ ತೋರ್ಸೋದಲ್ವಾ ಆ ಮೇಷ್ಟ್ರು” ಎಂದರು ದೊಡ್ಡಪ್ಪ. ಅವರ ಕಣ್ಣು ಒಣಗಿಯೇ ಇತ್ತು. ಮುಖದಲ್ಲಿ ಏನೂ ತೋರಿಸದೆ ಇಷ್ಟೆಲ್ಲ ನಿಭಾಯಿಸಿದೆನಲ್ಲ ಎಂದು ನನಗೆ ನನ್ನ ಬಗ್ಗೆ ತುಸು ಗೌರವವೇ ಹುಟ್ಟಿತ್ತು.

ಹತ್ತನೆಯ ದಿನ ಕಣ್ಣು ತೋರಿಸಲು ಹೋದೆವು. ಡಾಕ್ಟರು ಬೆಳಕು ಹಾಕಿ ನೋಡಿ ಎಲ್ಲ ಚೆನ್ನಾಗಿದೆ ಎಂದರು. “ಒಂದು ಹನಿ ಕಣ್ಣೀರು ಹಾಕ್ಸಿಲ್ಲ ಡಾಕ್ಟ್ರೇ” ಎಂದು ಅಮ್ಮ ವರದಿ ಒಪ್ಪಿಸಿದಳು. “ಅಳಬಾರ್ದು ಅಂತ ಯಾರಮ್ಮ ಹೇಳಿದ್ದು? ಕಣ್ಣು ಒಣಗಿದೆ. ಸ್ವಲ್ಪ ನೀರು ಬಂದಿದ್ರೆ ಒಳ್ಳೇದೇ ಇತ್ತು” ಎಂದು ಅವರು ಕಣ್ಣು ತೇವವಾಗಿಡುವ ಹನಿಯನ್ನು ಬರೆದುಕೊಟ್ಟರು. ಅಮ್ಮ ಸೀಲಿಂಗ್ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡಿದಳು.

ಮನೆಗೆ ಬರುವಾಗ ಆಲ್ಕೊಳ ಸರ್ಕಲ್ಲಿನಲ್ಲಿ ಆಟೋ ನಿಲ್ಲಿಸಿ ಅಮ್ಮ ಮೆಡಿಕಲ್ ಅಂಗಡಿಗೆ ಹೋದಳು. ದೊಡ್ಡಪ್ಪ ಹೊಸ ಕಣ್ಣಿನಿಂದ ರಸ್ತೆ ನೋಡುತ್ತ ಕೇಳಿದರು: “ಗಿರಿಜೆ ಯಾವ ಪುಟದಲ್ಲಿ ಹೋದ್ಲು?”

“ಇನ್ನೂರ ಹನ್ನೆರಡು” ಎಂದೆ. ನಿಖರವಾದ ಪ್ರಶ್ನೆಗೆ ನಿಖರವಾದ ಉತ್ತರ ಕೊಡುವುದು ನನ್ನ ದೌರ್ಬಲ್ಯ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ನೀನು ಸುಳ್ಳು ಹೇಳೋವಾಗ ಹಾಳೆ ತಿರುಗ್ಸಲ್ಲ. ಒಂದೇ ಹಾಳೆ ಹಿಡ್ಕೊಂಡು ಹತ್ತು ನಿಮಿಷ ಓದ್ತೀಯ. ಆಮೇಲೆ ನಾಲ್ಕು ಹಾಳೆ ಒಟ್ಟಿಗೆ ಮಗುಚ್ತೀಯ. ಮೂವತ್ತು ವರ್ಷ ಸದ್ದು ಕೇಳೇ ಮಿಷನ್ ಎಲ್ಲಿ ಕೆಟ್ಟಿದೆ ಅಂತ ಹೇಳ್ದೋನು ನಾನು. ಅತ್ತೆ ಹೋದಾಗ್ಲೇ ಗೊತ್ತಾಯ್ತು.”

“ಮತ್ತೆ ಯಾಕೆ ಸುಮ್ಮನಿದ್ದಿರಿ ದೊಡ್ಡಪ್ಪ?”

“ಸಾಗರದ ಮನೆ ಚೆನ್ನಾಗಿತ್ತು” ಎಂದರು. ಅಷ್ಟರಲ್ಲಿ ಅಮ್ಮ ಬಂದಳು.

ಮರುದಿನ ಪುಸ್ತಕವನ್ನು ಗ್ರಂಥಾಲಯಕ್ಕೆ ವಾಪಸು ಕೊಟ್ಟು, ದೊಡ್ಡಪ್ಪನನ್ನು ಬಸ್ಸಿನಲ್ಲಿ ಜನ್ನಾಪುರಕ್ಕೆ ಬಿಡಲು ಹೋದೆ. ಮನೆಯ ಗೇಟಿನ ಹತ್ತಿರ ಚೀಲ ಕೈಗೆ ಕೊಟ್ಟು ಹೊರಡುವವಳಿದ್ದೆ. ಅವರು ಕಾಲುದಾರಿಯಲ್ಲಿ ಓರೆಯಾಗಿದ್ದ ಹೂವಿನ ಕುಂಡವೊಂದನ್ನು ಕಾಲಿನಿಂದಲೇ ಸರಿ ಮಾಡುತ್ತ, ಯಾರನ್ನೋ ಶಿಫ್ಟಿಗೆ ಹಾಕುವ ದನಿಯಲ್ಲಿ ಹೇಳಿದರು:

“ಆ ಮನೇಲಿ ಇನ್ನೊಂದು ರೂಮಿದ್ಯಾ ನೋಡು. ನಿಮ್ ದೊಡ್ಡಮ್ಮನ್ನೂ ಕಳ್ಸು. ಹಿತ್ತಲ ಕಡೆ ಕಿಟಕಿ ಇರೋದು ಕೊಡು, ಇಲ್ಲಾಂದ್ರೆ ಅವಳಿಗೆ ಸೆಕೆ ಆಗುತ್ತೆ. ಅಷ್ಟು ಜನ ಇದ್ರೆ ಹೊತ್ತು ಹೋಗುತ್ತೆ ಅವಳಿಗೆ.”

ಕುಂಡ ಆಗಲೇ ನೆಟ್ಟಗಾಗಿತ್ತು. ಅವರು ಅದನ್ನು ಇನ್ನೂ ಸರಿ ಮಾಡುತ್ತಲೇ ಇದ್ದರು. ಇದಕ್ಕೆ ನನ್ನ ಬಳಿ ಸೂತ್ರವಿರಲಿಲ್ಲ. ನೋಡುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ.

ಮಾರನೆಯ ಬೆಳಿಗ್ಗೆ ಅಮ್ಮ ಹಾಲು ತರಲು ಹೋದಾಗ ಜನ್ನಾಪುರಕ್ಕೆ ಫೋನು ಮಾಡಿದೆ. ಪುಸ್ತಕವಿರಲಿಲ್ಲ; ಕೈಗೆ ಸಿಕ್ಕಿದ್ದು ಮಿಕ್ಸಿಯ ಜೊತೆ ಬಂದಿದ್ದ ಕೈಪಿಡಿ. ಅದನ್ನು ಫೋನಿನ ಹತ್ತಿರ ಹಿಡಿದು, ಸದ್ದಾಗುವಂತೆ ಮೊದಲ ಹಾಳೆ ತಿರುಗಿಸಿ, ಓದತೊಡಗಿದೆ. ಸಾಗರದ ಬಸ್ಸಿನಿಂದ ಎರಡು ಚೀಲ ಹಿಡಿದ ಹೆಂಗಸೊಬ್ಬರು ಇಳಿದರು. ನಾದಿನಿ ಓಡಿಹೋಗಿ ಚೀಲ ಇಸಿದುಕೊಂಡಳು. ಅವರು ಒಳಗೆ ಬಂದು ಕೂತು, ಕೊಟ್ಟ ಕಾಫಿಯನ್ನು ಒಂದು ಗುಟುಕು ಕುಡಿದು, ಯಾರಮ್ಮ ಇದನ್ನು ಮಾಡಿದ್ದು, ಬರೀ ನೀರು ಎಂದರು.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. “ನೆಗಡಿ” ಎಂದರು ದೊಡ್ಡಪ್ಪ. “ಮುಂದೆ ಓದು.”

ಮಿಕ್ಸಿಯ ಕೈಪಿಡಿಯಲ್ಲಿ ಇರುವುದು ಹನ್ನೆರಡೇ ಪುಟ. ಫೋನು ಕಿವಿಗೆ ಹಿಡಿದುಕೊಂಡೇ ಎದ್ದು, ಬೀರುವಿನಿಂದ ಫ್ರಿಜ್ಜಿನದನ್ನೂ ತೆಗೆದಿಟ್ಟುಕೊಂಡೆ.