ನಮ್ಮ ಓಣಿಯ ಮಿಸ್ ಕಾಲ್ ಯೋಜನೆ

ರಾಣೆಬೆನ್ನೂರಿನ ನಮ್ಮ ಓಣಿಗೆ ವಾರಕ್ಕೊಮ್ಮೆ ನಳದ ನೀರು. ಯಾವ ಹೊತ್ತಿಗೆ ಬರುತ್ತದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನ್ನೊಬ್ಬನನ್ನು ಬಿಟ್ಟು. ನೀರು ಬಿಡುವ ವಾಲ್ವ್ ಇದ್ದದ್ದು ನಮ್ಮ ಮನೆಯೆದುರಿಗೇ! ಇಷ್ಟು ದೊಡ್ಡ ಜ್ಞಾನವನ್ನು ಒಬ್ಬನೇ ಇಟ್ಟುಕೊಳ್ಳುವುದು ಮಹಾಪಾಪವೆಂದು ತೀರ್ಮಾನಿಸಿ, ಹೊಸ ಮೊಬೈಲು ಕೊಂಡ ಹುರುಪಿನಲ್ಲಿ ಓಣಿಯವರನ್ನೆಲ್ಲ ಸೇರಿಸಿ ಭಾಷಣ ಬಿಗಿದೆ.

"ನೀರು ಬಿಟ್ಟ ಕೂಡ್ಲೇ ಎಲ್ಲಾರಿಗೂ ನನ್ನ ಮಿಸ್ ಕಾಲ್ ಬರತೈತಿ. ಇನ್ನ ನೀರಿನ ಸುದ್ದಿ ಯಾರೂ ಮುಚ್ಚಿಡಬಾರ್ದು!"

ಹೆಂಡತಿ ಗಿರಿಜಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಎಲ್ಲಾರೂ ಒಮ್ಮೆಲೇ ಮೋಟರ್ ಹಚ್ಚಿದ್ರ ಪೈಪಿನ್ಯಾಗ ಏನ್ ಉಳೀತೈತ್ರಿ?"

ಹಾಗೇ ಆಯಿತು. ಮೊದಲೆಲ್ಲ ಗೊತ್ತಾದವರು ಗೊತ್ತಾದಂತೆ, ಒಬ್ಬರಾದ ಮೇಲೊಬ್ಬರು ತುಂಬಿಕೊಳ್ಳುತ್ತಿದ್ದರು. ಈಗ ಮಿಸ್ ಕಾಲ್ ಹೋದದ್ದೇ ತಡ, ಇಡೀ ಓಣಿಯ ಮೋಟರುಗಳು ಒಟ್ಟಿಗೇ ಹೀರತೊಡಗಿದವು. ನಳ ಬುಸ್ ಎಂದಿತು. ಯಾರಿಗೂ ಒಂದು ಕೊಡ ತುಂಬಲಿಲ್ಲ. ಮೋಟರ್ ಬಂದ್ ಮಾಡಿ ಎಂದು ಮನೆಮನೆಗೆ ಹೋಗಿ ಕೈಮುಗಿದೆ.

"ಮೊದ್ಲ ಅವ್ರು ಬಂದ್ ಮಾಡ್ಲಿ, ಆಮ್ಯಾಲೆ ನಾವು" ಎಂದ ಪಕ್ಕದ ಮನೆಯ ವೀರಪ್ಪ. ಎಲ್ಲರೂ ಅದನ್ನೇ ಎಂದರು.

ಮುಂದಿನ ವಾರ ಬಸುರಿ ಮಗಳ ಕುಬ್ಸ, ಅಂದರೆ ಸೀಮಂತ. ಬ್ಯಾಡಗಿಯಿಂದ ಬೀಗರು ಬರುವವರಿದ್ದರು. ಅವರ ಕಾಲಿಗೆ ಕೊಡಲೂ ಮನೆಯಲ್ಲಿ ನೀರಿರಲಿಲ್ಲ. ಪುಣ್ಯಕ್ಕೆ ಅಂದು ಬೆಳಿಗ್ಗೆಯೇ ವಾಲ್ವ್ ತಿರುಗಿತು. ನಾನು ಮಿಸ್ ಕಾಲ್ ಕೊಡಲಿಲ್ಲ! ಮಗಳಿಗಾಗಿ ಒಂದು ದಿನ ಕಳ್ಳನಾದರಾಯಿತೆಂದು ಮೆಲ್ಲಗೆ ಮೋಟರ್ ಹಚ್ಚಿದೆ. ಅದು ಗುರ್ ಎಂದಿತು. ಓಣಿಯವರು ಕಿವಿಗೊಟ್ಟು ಕಾಯುತ್ತಿದ್ದದ್ದೇ ಆ ಸದ್ದಿಗೆ! ಎಲ್ಲರ ಮೋಟರುಗಳೂ ಗುರ್ ಎಂದವು. ನಳ ಮತ್ತೆ ಬುಸ್.

ಬೀಗರ ಟೆಂಪೋ ಬಂತು. ಮೊದಲು ಇಳಿದದ್ದು ನೀರಿನ ಕ್ಯಾನುಗಳು. ಮಗಳೇ ಗುಟ್ಟಾಗಿ ಫೋನ್ ಮಾಡಿ ತರಿಸಿದ್ದಳಂತೆ. ಬೀಗಿತ್ತಿ ತಾವು ತಂದ ನೀರಿನಲ್ಲೇ ನಮ್ಮ ಅಂಗಳದಲ್ಲಿ ಕಾಲು ತೊಳೆದುಕೊಂಡರು. ಮಗಳು ನನ್ನ ಮುಖ ನೋಡಲಿಲ್ಲ. ನನಗೆ ಅಳು ಬಂತು.

ಅಷ್ಟರಲ್ಲಿ ಜೇಬಿನ ಮೊಬೈಲು ಒಮ್ಮೆ ಗುಂಯ್ ಎಂದು ನಿಂತಿತು. ವೀರಪ್ಪನ ಮಿಸ್ ಕಾಲ್! ನಳಕ್ಕೆ ನೀರು ಬಂತೆಂದು ಹೊರಗೋಡಿದೆ. ಇಡೀ ಓಣಿ ಕೊಡ ಹಿಡಿದು ನಮ್ಮ ಬಾಗಿಲಿಗೇ ಸಾಲುಗಟ್ಟಿತ್ತು. ಮುಂದೆ ವೀರಪ್ಪ.

"ಕ್ಯಾನ್ ಇಳಿಯೂದು ನೋಡಿದೆ. ನೀರಿನ ಸುದ್ದಿ ಮುಚ್ಚಿಡಬಾರ್ದು ಅಂತ ನೀವ ಹೇಳೀರಲ್ರಿ? ಎಲ್ಲಾರಿಗೂ ಮಿಸ್ ಕಾಲ್ ಕೊಟ್ಟೇನಿ."

ಗಿರಿಜಾ ಒಳಗಿನಿಂದ ಒಂದು ಖಾಲಿ ಕೊಡ ತಂದು ನನ್ನ ಕೈಗಿಟ್ಟಳು. "ಹೋಗ್ರಿ, ನೀವೂ ಪಾಳಿ ಹಚ್ರಿ."

ಎಲ್ಲರ ಹಿಂದೆ ಹೋಗಿ ನಿಂತೆ.