ಮೂವತ್ತೆಂಟು ನಿಮಿಷ ದೂರದ ಅಕ್ಕ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಪ್ರಯಾಣದ ಅವಧಿಯನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಹಾಕಿಕೊಡುವ ಜಾಲತಾಣದ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ, ತಾವು ಕ್ಷೇಮವೆಂದು ನಂಬಿದ್ದೇನೆ. ಊಟ, ನಿದ್ದೆ, ಒಡಹುಟ್ಟಿದವರು ಯಾವುದೂ ಇಲ್ಲದವರಿಗೆ ಅಕ್ಷೇಮವಾದರೂ ಎಲ್ಲಿಂದ ಬರಬೇಕು?

ಕಳೆದ ಮಂಗಳವಾರ ಬೆಳಿಗ್ಗೆ, ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ನಾಲ್ಕು ವರ್ಷಗಳಿಂದ ಮಾತು ಬಿಟ್ಟಿದ್ದ ನನ್ನ ಅಕ್ಕ ಫೋನು ಮಾಡಿ, "ಬರೋದಾದ್ರೆ ಇವತ್ತೇ ಬಾ. ನಾಳೆ ನಂಗೆ ಮತ್ತೆ ಸಿಟ್ಟು ಬರುತ್ತೆ," ಎಂದಳು. ತಮ್ಮನ್ನು ವಿಚಾರಿಸಿದೆ. ನನ್ನೂರಿನಿಂದ ಅವಳೂರಿಗೆ ಇನ್ನೂರ ನಾಲ್ಕು ಕಿಲೋಮೀಟರ್, ಮೂವತ್ತೆಂಟು ನಿಮಿಷ ಎಂದು ಅಪ್ಪಣೆ ಕೊಡಿಸಿದಿರಿ. ಅಕ್ಕನಿಗೆ ಹಾಗೆಯೇ ಹೇಳಿದೆ. ಅವಳು ನಿವೃತ್ತ ಗಣಿತದ ಟೀಚರು; ಅವಳ ಮುಂದೆ ಅಂಕಿ ಹೇಳಿದರೆ ಆಣೆ ಇಟ್ಟಂತೆ. "ಹಾಗಾದ್ರೆ ಕಾಫಿಗೆ ಹಾಲಿಡ್ತೀನಿ," ಎಂದು ಫೋನಿಟ್ಟಳು.

ನಮ್ಮ ನಿಲ್ದಾಣದ ಕೌಂಟರಿನಲ್ಲಿದ್ದಾತ ನನ್ನನ್ನು ಕರುಣೆಯಿಂದ ನೋಡಿ, "ಮೇಡಂ, ಇಲ್ಲಿಂದ ಅಲ್ಲಿಗೆ ವಿಮಾನಾನೇ ಇಲ್ವಲ್ಲ! ರಾಜಧಾನಿಗೆ ಹೋಗಿ ವಾಪಸ್ ಬರಬೇಕು," ಎಂದ. ತಮ್ಮ ಪುಟ ತೋರಿಸಿದೆ. ಆತ ಅದನ್ನು ಬೆರಳಿನಿಂದ ಸರಿಸುತ್ತ, ಸೂಟ್‌ಕೇಸುಗಳ ಜಾಹೀರಾತಿಗಿಂತಲೂ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿದ್ದುದನ್ನು ಓದಿದ: ಈ ಅವಧಿ, ವಿಮಾನ ಇದ್ದ ಪಕ್ಷದಲ್ಲಿ ಮಾತ್ರ. ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದೆಂಬ ಹಿರಿಯರ ಮಾತಿಗೆ ಇಷ್ಟು ವಿನಯದ ಭಾಷ್ಯವನ್ನು ನಾನೆಲ್ಲೂ ಓದಿರಲಿಲ್ಲ.

ರಾಜಧಾನಿಯ ವಿಮಾನ ಹತ್ತಿ ಹೊರಟೆ. ಹಾರಿದ ಮೂವತ್ತೆಂಟನೆಯ ನಿಮಿಷಕ್ಕೆ ಸರಿಯಾಗಿ ವಿಮಾನ ಅಕ್ಕನ ಊರಿನ ನೆತ್ತಿಯ ಮೇಲಿತ್ತು. ತಮ್ಮ ಲೆಕ್ಕಕ್ಕೆ ಕೂತಲ್ಲೇ ಕೈಮುಗಿದೆ. ಅವಳ ಬೀದಿಯ ತುದಿಯ ನೀರಿನ ಟ್ಯಾಂಕು ಅಂಗಿಯ ಗುಂಡಿಯಷ್ಟು ಕಾಣಿಸಿತು. ಕೆಳಗೆ ಹಾಲು ಉಕ್ಕುತ್ತಿರಬೇಕು. ಇಲ್ಲೇ ಇಳಿದುಬಿಡುತ್ತೇನೆಂದು ಗಗನಸಖಿಯನ್ನು ಬೇಡಿಕೊಂಡೆ. ಆಕೆ ನನ್ನ ಬೆಲ್ಟನ್ನು ಇನ್ನಷ್ಟು ಬಿಗಿದು ಒಂದು ಲೋಟ ನೀರು ಕೊಟ್ಟಳು. ಆಮೇಲೆ ರಾಜಧಾನಿಯಲ್ಲಿ, ಚಾರ್ಜು ಮುಗಿದ ಫೋನನ್ನು ಮಡಿಲಲ್ಲಿಟ್ಟುಕೊಂಡು ಏಳು ಗಂಟೆ ಕುಳಿತೆ.

ಕೊನೆಗೂ ಬಾಗಿಲು ತೆರೆದ ಅಕ್ಕ ಗಡಿಯಾರ ನೋಡಿದಳು. "ಫೋನಿಟ್ಟು ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ಆಯ್ತು. ಗಂಟೆಗೆ ಹದಿನೆಂಟು ಕಿಲೋಮೀಟರ್. ಸೈಕಲ್ ತುಳಿದಿದ್ರೂ ಇಷ್ಟೊತ್ತಿಗೆ ಬರ್ತಿದ್ದೆ ಕಣೇ." ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, "ನಾಲ್ಕು ಸಲ ಹಾಲು ಕಾಯಿಸಿದೆ. ಮೊದಲನೇ ಸಲ ಸಿಟ್ಟಿತ್ತು. ನಾಲ್ಕನೇ ಸಲಕ್ಕೆ, ಇವಳು ಬದುಕಿದ್ರೆ ಸಾಕು, ಆ ಹೊಲಿಗೆ ಯಂತ್ರ ಹಾಳಾಗಿ ಹೋಗ್ಲಿ ಅನ್ನಿಸ್ತು," ಎಂದಳು.

ಆದ್ದರಿಂದ ನನ್ನ ಬೇಡಿಕೆಗಳು ಅಲ್ಪ. ತಮ್ಮ ಪುಟದಲ್ಲಿ ದೂರ, ಅವಧಿಗಳ ಪಕ್ಕದಲ್ಲೇ ಹಾಲನ್ನು ಎಷ್ಟು ಸಲ ಕಾಯಿಸಬೇಕೆಂಬುದನ್ನೂ ನಮೂದಿಸಬೇಕು. ಅಕ್ಕಂದಿರ ಊರಿನ ಮೇಲೆ ಹಾರುವ ವಿಮಾನಗಳಿಗೆ ಏಣಿ ಕಟ್ಟಿಸಬೇಕು. ಅದೂ ಕಷ್ಟವೆಂದಾದರೆ ರಾಜಧಾನಿಯನ್ನೇ ಎತ್ತಿ ನಮ್ಮಿಬ್ಬರ ಊರುಗಳ ನಡುವೆ ಎಲ್ಲಾದರೂ ಇಡಿಸಿಕೊಡಬೇಕು.

ಗಂಟೆಗೆ ಹದಿನೆಂಟು ಕಿಲೋಮೀಟರ್ ವೇಗದ,
ತಮ್ಮ ವಿಶ್ವಾಸಿ,
ಒಬ್ಬ ತಂಗಿ

ತಾ.ಕ.: ಬರುವ ಭಾನುವಾರ ಅಕ್ಕ ಹೊಲಿಗೆ ಯಂತ್ರದೊಂದಿಗೆ ನಮ್ಮನೆಗೆ ಬರುತ್ತಾಳೆ. ಅದಕ್ಕೂ ಮುಂಚೆ ತಮ್ಮ ಪುಟ ತೆರೆದು ಖುದ್ದಾಗಿ ಲೆಕ್ಕ ತಿದ್ದುವಳಂತೆ. ಉತ್ತರ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ ಅವಳಿಗೆ ಅಭ್ಯಾಸ. ತಮಗೆ ಕಾಲಿಲ್ಲದಿರುವುದು ತಮ್ಮ ಪುಣ್ಯ.