ಐವತ್ತು ಮಂದಿಗೆ ಎಷ್ಟು ಟೆಂಪೋ?

ನಾಲ್ಕನೇ ಇಯತ್ತೆ ಪಾಸಾಗಿ ಐದಕ್ಕೆ ಹೋದ ಮಕ್ಕಳನ್ನು ನೀವೆಲ್ಲ ನೋಡಿದ್ದೀರಿ. ಎಂ.ಎಸ್ಸಿ., ಬಿ.ಎಡ್., ಅದರ ಮೇಲೆ ಇನ್ನೊಂದು, ಇಷ್ಟೆಲ್ಲ ಪಾಸಾಗಿ ನಾಲ್ಕನೇ ಇಯತ್ತೆಗೆ ಹೋದವರನ್ನು ನೋಡಿದ್ದೀರಾ? ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ! ನನ್ನ ಹಿರಿಯ ಮಗನ ಮಗಳು. ಇಪ್ಪತ್ತೆಂಟು ತುಂಬಿದ ಈ ಮಹಾತಾಯಿ ದಿನಾ ಮುಂಜಾನೆ ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಆಡೂರಿನ ಕಡೆಯ ಬಸ್ಸು ಹತ್ತಿ, ಅಲ್ಲೊಂದು ಹಳ್ಳಿಯ ಶಾಲೆಗೆ ಹೋಗಿ, ಒಂಬತ್ತು ವರ್ಷದ ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತುಬಿಡುತ್ತಾಳೆ. ಕಲಿಸಲಿಕ್ಕಲ್ಲ ಮತ್ತೆ! ಸುಮ್ಮನೆ ಕುಳಿತು ನೋಡಲಿಕ್ಕೆ.

ಇದಕ್ಕೆ ಸಂಶೋಧನೆ ಎನ್ನುತ್ತಾರಂತೆ. ಮಕ್ಕಳು ಲೆಕ್ಕ ಬಿಡಿಸುವಾಗ ಅವರ ತಲೆಯೊಳಗೆ ಏನೇನು ನಡೆಯುತ್ತದೆ ಎಂದು ತಿಳಿಯುವುದು. ಒಂದು ದಿನ ಎದುರುಮನೆಯಾಕೆ ಅಡಿಕೆ ಸುಲಿಯುತ್ತ ಕೇಳಿದಳು:

"ಮೊಮ್ಮಗಳು ಏನ ಓದಾಕತ್ತಾಳ ಬೇ?"

"ಮಕ್ಕಳು ಲೆಕ್ಕ ಹೆಂಗ ಮಾಡ್ತಾವ ಅಂತ ಓದಾಕತ್ತಾಳ."

"ಅದಕ್ಕ ಓದಬೇಕೇನ? ಬೆರಳ ಮಡಚಿ ಮಾಡ್ತಾವ. ನನ್ನ ಕೇಳಿದ್ದರ ಹೋದ ವರ್ಷನ ಹೇಳ್ತಿದ್ದೆ!"

ನೋಡಿ, ಇಂಥ ಪಂಡಿತರು ಎದುರಿಗೇ ಇದ್ದರೂ ನಮ್ಮ ಹುಡುಗಿ ಬಸ್ಸು ಹತ್ತುತ್ತಾಳೆ.

ಈ ಹುಚ್ಚು ಶಾಲೆಯಲ್ಲೇ ಉಳಿದಿದ್ದರೆ ನಾನು ಮಾತಾಡುತ್ತಿರಲಿಲ್ಲ. ಒಂದು ಸಲ ಚಕ್ಕಲಿ ಡಬ್ಬಿಯ ಮುಚ್ಚಳ ಬಿಗಿದು ಕುಳಿತಿತ್ತು. ನಾನು ತಿರುವಿದೆ, ಬಡಿದೆ, ಸೆರಗು ಸುತ್ತಿ ಎಳೆದೆ. ಗಟ್ಟಿಮುಟ್ಟಾದ ಹುಡುಗಿ ಮೊಳ ದೂರದಲ್ಲೇ ನಿಂತಿದ್ದಾಳೆ. ಕೈ ಹಚ್ಚಬೇಕೋ ಬೇಡವೋ? ಹಚ್ಚಲಿಲ್ಲ. ಮೊಬೈಲನ್ನು ನನ್ನ ಬಾಯಿಯ ಮುಂದೆ ಹಿಡಿದಳು.

"ತಡಿ ಅಜ್ಜಿ. ಈಗ ಏನ ವಿಚಾರ ಮಾಡಾಕತ್ತಿ? ಮನಸಿನ್ಯಾಗ ಬಂದದ್ದು ಬಂದಂಗ ಹೇಳಿಬಿಡು."

ಹೇಳಿಯೇಬಿಟ್ಟೆ! "ಈ ಡಬ್ಬಿ ಮುಚ್ಚಿದಾಕಿ ನಿಮ್ಮವ್ವ. ಗಂಡನ ಮ್ಯಾಲಿನ ಸಿಟ್ಟು ಡಬ್ಬಿ ಮ್ಯಾಲೆ ತೀರಿಸ್ತಾಳ. ಈ ಮನಿಗೆ ಬಂದು ಮೂವತ್ತು ವರ್ಷ ಆತು, ಒಂದ ಮುಚ್ಚಳ ಹಾಕೂದು ಬರಂಗಿಲ್ಲ..."

ಹಿಂದೆ ತಿರುಗಿ ನೋಡಿದರೆ ಸೊಸೆ ನಿಂತಿದ್ದಾಳೆ. ಮನಸ್ಸಿನಲ್ಲಿದ್ದುದೆಲ್ಲ ಬಾಯಿಗೆ ಬಂದರೆ ಸಂಸಾರ ನಡೆಯುತ್ತದೆಯೇ? ಡಬ್ಬಿಯ ಬಾಯಿ ಮೂರನೆಯ ದಿನ ತೆರೆಯಿತು. ಸೊಸೆಯ ಬಾಯಿ ನಾಲ್ಕನೆಯ ದಿನ.

ಇನ್ನು ಹೆಣ್ಣು ನೋಡಲು ಬಂದವರ ಕಥೆ. ಶಿಗ್ಗಾಂವಿ ಕಡೆಯ ಹುಡುಗ, ಒಳ್ಳೆಯ ಮನೆತನ, ನಯವಾದ ಮಾತು. ಅವಲಕ್ಕಿ, ಚಹಾ ಎಲ್ಲ ಆಯಿತು. ಹುಡುಗಿಯ ಹತ್ತಿರ ಏನಾದರೂ ಕೇಳಪ್ಪ ಎಂದರೆ ಹುಡುಗ ನಾಚಿದ. ಇವಳು ನಾಚಲಿಲ್ಲ, ತಾನೇ ಕೇಳಿದಳು.

"ಮೂವತ್ತಡಿ ಬಾವಿಯೊಳಗ ಒಂದ ಕಪ್ಪಿ ಬಿದ್ದೈತ್ರಿ. ದಿನಾ ಮೂರಡಿ ಏರತೈತಿ, ರಾತ್ರಿ ಎರಡಡಿ ಜಾರತೈತಿ. ಹೊರಗ ಬರಾಕ ಎಷ್ಟ ದಿನ ಬೇಕ್ರಿ? ಉತ್ತರ ಬರದಿದ್ದರ ಚಿಂತಿಲ್ಲ, ಹೆಂಗ ವಿಚಾರ ಮಾಡ್ತೀರಿ ಅಷ್ಟ ಹೇಳ್ರಿ."

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಟೋಪಿ ಸರಿಮಾಡಿಕೊಂಡು, "ಊರಿಗೆ ಹೋಗಿ ತಿಳಸ್ತೇವ್ರಿ" ಎಂದರು. ಆರು ತಿಂಗಳಾಯಿತು. ಕಪ್ಪೆ ಇನ್ನೂ ಬಾವಿಯೊಳಗೇ ಇದೆ!

ನಗುವ ಮಾತು ಇಷ್ಟಾದರೂ, ಹೋದ ತಿಂಗಳು ಈ ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತಾಳೆ, ಬಾಯಿಗೆ ಹೋಗುವುದಿಲ್ಲ. ಏನೆಂದು ಕೇಳಿದೆ.

"ಮಕ್ಕಳು ಮಾತಾಡವಲ್ಲವು ಅಜ್ಜಿ. ಶನಿವಾರ ಧಾರವಾಡದಿಂದ ನಮ್ಮ ಗೈಡ್ ಸರ್ ಬರ್ತಾರ. ಮಕ್ಕಳು ಬಾಯಿ ಬಿಡಲಿಲ್ಲಂದ್ರ ವಿಷಯನ ಬದಲಿ ಮಾಡು ಅಂತಾರ. ಎರಡ ವರ್ಷದ ಕೆಲಸ ನೀರಾಗ ಹೋಕ್ಕೈತಿ."

ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನು ಕೇಳಿಸಿದಳು. ಮೊದಲು ಅವಳ ದನಿ: "ಹೆಂಗ ಮಾಡಿದಿ?" ಆಮೇಲೆ ಗಸಗಸ, ಗಸಗಸ. ಮತ್ತೆ "ಹೆಂಗ ಮಾಡಿದಿ?" ಮತ್ತೆ ಗಸಗಸ. ಏನಿದು, ಇಲಿ ಹೊಕ್ಕಿದೆಯೇ ಎಂದೆ. ಇಲಿಯಲ್ಲವಂತೆ, ರಬ್ಬರು! ಇವಳು "ಹೆಂಗ" ಎಂದು ಬಾಯಿ ತೆರೆಯುವುದೇ ತಡ, ಮಕ್ಕಳು ಬರೆದ ಉತ್ತರವನ್ನು ಅಳಿಸಿಬಿಡುತ್ತವೆ. ರಬ್ಬರು ಇಲ್ಲದವು ಬೆರಳಿಗೆ ಉಗುಳು ಹಚ್ಚಿ ಹಾಳೆಗೆ ತೂತು ಬೀಳುವ ಹಾಗೆ ತಿಕ್ಕುತ್ತವೆ. ಸರಿ ಉತ್ತರವನ್ನೂ!

ಇಷ್ಟು ಓದಿದವಳಿಗೆ ಇದು ತಿಳಿಯಲಿಲ್ಲವಲ್ಲ! ನಮ್ಮ ಕಡೆಯ ಶಾಲೆಗಳಲ್ಲಿ ಲೆಕ್ಕ ಸರಿಯಾದರೆ ಮಾಸ್ತರರು ಒಂದು ಗೆರೆ ಎಳೆದು ಮುಂದೆ ಹೋಗುತ್ತಾರೆ. "ಹೆಂಗ ಮಾಡಿದಿ?" ಎಂದು ಕೇಳಿದರೋ, ತಪ್ಪಾಗಿದೆ ಎಂದೇ ಅರ್ಥ. ಹಿಂದೆಯೇ ಬೆನ್ನ ಮೇಲೊಂದು ಬೀಳುತ್ತಿತ್ತು. ಈಗ ಹೊಡೆಯುವುದಿಲ್ಲವಂತೆ, ಆದರೆ ಬೆನ್ನಿಗೆ ಅದು ಗೊತ್ತಾಗಬೇಕಲ್ಲ?

"ನಾಳೆ ನಾನೂ ಬರ್ತೇನಿ" ಎಂದೆ.

"ನೀ ಬಂದ ಏನ ಮಾಡ್ತಿ ಅಜ್ಜಿ?"

"ನಿನ್ನ ಬಾಯಾಗ ರೊಟ್ಟಿ ತುರಕ್ತೇನಿ. ಮತ್ತೇನ ಮಾಡ್ಲಿ?"

ಮರುದಿನ ಬುತ್ತಿ ಕಟ್ಟಿಕೊಂಡು ಹೋಗಿ ಮಕ್ಕಳ ಹಿಂದೆ ಚಾಪೆಯ ತುದಿಯಲ್ಲಿ ಕುಳಿತೆ. ಕರಿಹಲಗೆಯ ಮೇಲೆ ಲೆಕ್ಕ ಬಿತ್ತು: ಒಂದು ಟೆಂಪೋದಲ್ಲಿ ಹನ್ನೆರಡು ಮಂದಿ ಕೂಡುತ್ತಾರೆ. ಮದುವೆಗೆ ಐವತ್ತು ಮಂದಿ ಹೊರಟಿದ್ದಾರೆ. ಎಷ್ಟು ಟೆಂಪೋ ಬೇಕು?

ಮಕ್ಕಳು ಬರೆದವು. ಇವಳು "ಹೆಂಗ?" ಎಂದಳು. ಗಸಗಸ ಶುರುವಾಯಿತು. ನನ್ನ ಪಕ್ಕದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ದೊಡ್ಡದಾಗಿ "1" ಎಂದು ಬರೆದಿದ್ದಳು, ಅದನ್ನೂ ಅಳಿಸಿದಳು. ವರ್ಷವೆಲ್ಲ ಒಂದು ಮಾತೂ ಆಡದವಳಂತೆ.

ನನಗೆ ತಡೆಯಲಿಲ್ಲ. ಮದುವೆಯ ವಿಷಯ ಬಂದ ಮೇಲೆ ಯಾವ ಮುದುಕಿ ಸುಮ್ಮನಿದ್ದಾಳು? ಗಟ್ಟಿಯಾಗಿ ಹೇಳಿಬಿಟ್ಟೆ: "ಹತ್ತ ಟೆಂಪೋ ಬೇಕು. ಮದುಮಗನಿಗೆ ಒಂದ, ಬೀಗರಿಗೆ ಒಂದ, ಸಿಟ್ಟಾದ ಸೋದರತ್ತಿಗೆ ಒಂದ ಬ್ಯಾರೇ..."

ಇಡೀ ವರ್ಗ ತಿರುಗಿ ನನ್ನ ಮೇಲೆ ಬಿತ್ತು.

"ಏ ಅಜ್ಜಿ, ತಪ್ಪ!"

"ಹನ್ನೆರಡ ನಾಕಲೆ ನಲವತ್ತೆಂಟು. ಎರಡ ಮಂದಿ ಉಳೀತಾರ. ಅವರಿಗೊಂದು ಅಂದ್ರ ಐದ ಅಜ್ಜಿ, ಐದು!"

"ಅವರಿಬ್ಬರೂ ಟಾಪ್ ಮ್ಯಾಲೆ ಕೂಡ್ಲಿ ಬಿಡ, ನಾಕ ಸಾಕು!"

"ಹಂಗ ಕುಂತ್ರ ಪೊಲೀಸ್ರು ಹಿಡೀತಾರಲೇ!"

ಗದ್ದಲವೋ ಗದ್ದಲ! ದೊಡ್ಡವರು ಹೆಂಗ ಎಂದು ಕೇಳಿದರೆ ಹೆದರುವ ಮಕ್ಕಳಿಗೆ, ದೊಡ್ಡವರೇ ದಡ್ಡರಾಗಿ ಎದುರು ಕುಳಿತರೆ ಏನು ಹುರುಪು! ಮೊಮ್ಮಗಳು ಮೊಬೈಲು ಹಿಡಿದು ಕಂಬದಂತೆ ನಿಂತಿದ್ದಳು. ಅಷ್ಟರಲ್ಲಿ ಯಾರೋ ನನ್ನ ಸೆರಗು ಜಗ್ಗಿದರು. ಎರಡು ಜಡೆಯವಳು.

"ಅಜ್ಜಿ, ಒಂದ ಟೆಂಪೋ ಸಾಕು. ಬಿಟ್ಟ ಬಂದು ಮತ್ತ ಒಯ್ಯಬೇಕು. ಐದ ಸಲ. ನಮ್ಮಪ್ಪ ಹಂಗ ಒಯ್ತಾನ. ನಮ್ಮ ಕಡೆ ಇರೂದ ಒಂದ ಟೆಂಪೋ."

ಮೊಮ್ಮಗಳು ತನ್ನ ಪುಸ್ತಕ ತೆಗೆದು ಹಾಳೆ ತಿರುವಿದಳು. ಇಂಥ ಲೆಕ್ಕವನ್ನು ಮೊದಲೂ ಹಾಕಿದ್ದಳಂತೆ, ಅಲ್ಲಿ ಈ ಹುಡುಗಿಯ "1" ಎಷ್ಟೋ ದಿನದಿಂದ ತಪ್ಪು ಉತ್ತರವಾಗಿ ಬಿದ್ದಿತ್ತಂತೆ.

"ಶನಿವಾರನೂ ಹಿಂಗ ತಪ್ಪ ಮಾಡ ಅಜ್ಜಿ, ನಿನ್ನ ಕಾಲಿಗೆ ಬೀಳ್ತೇನಿ" ಎಂದಳು ಬಸ್ಸಿನಲ್ಲಿ.

"ಅದರಾಗೇನೈತಿ! ತಪ್ಪ ಮಾಡೂದಕ್ಕ ನಾ ಬ್ಯಾಡಂತೇನೇನ?"

ಆದರೆ ಶನಿವಾರ ಆಗಿದ್ದೇನು? ಬಿಳಿ ಗಡ್ಡದ ಗೈಡ್ ಸರ್ ಬಂದು ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತರು. ಮೊಮ್ಮಗಳು ಅಂಕಿ ಬದಲಿಸಿ ಅದೇ ಟೆಂಪೋ ಲೆಕ್ಕ ಹಾಕಿದಳು. ನಾನು ತಪ್ಪು ಹೇಳಲು ಬಾಯಿ ತೆರೆದರೆ ಸರಿ ಉತ್ತರವೇ ಜಾರಿ ಬಿತ್ತು! ಮಕ್ಕಳು ಅಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದವು. ಮಕ್ಕಳೆಲ್ಲ ಗಪ್‌ಚಿಪ್. ಕೊನೆಗೆ ಮೊಮ್ಮಗಳೇ ಹೊಸದೊಂದು ಲೆಕ್ಕ ಹಾಕಿದಳು: ಮೂರು ಮಂದಿ ಹೆಂಗಸರು ಒಂದು ಹೊಲದ ಕಳೆಯನ್ನು ಎರಡು ದಿನದಲ್ಲಿ ತೆಗೆಯುತ್ತಾರೆ. ಆರು ಮಂದಿಯಾದರೆ ಎಷ್ಟು ದಿನ?

ಈ ಸಲ ನಾಟಕ ಮಾಡಲಿಲ್ಲ. ಹತ್ತಿಮತ್ತೂರಿನ ತವರು ಹೊಲದಲ್ಲಿ ಎಷ್ಟು ಕಳೆ ತೆಗೆದಿದ್ದೇನೋ, ನನಗೆ ಗೊತ್ತಿಲ್ಲವೇ? "ನಾಕ ದಿನ" ಎಂದೆ. "ಆರ ಮಂದಿ ಹೆಂಗಸರು ಕೂಡಿದರ ಮಾತ ಸುರು ಆಕ್ಕಾವು. ಕಳಿ ಎಲ್ಲಿ ತಗೀತಾರ?"

ಸರ್ ಗಡ್ಡದೊಳಗೇ ನಕ್ಕರು. ಎರಡು ಜಡೆಯವಳು ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: "ಅಜ್ಜಿ, ಮಾತಾಡಲಾರದ ಆರ ಮಂದಿ ಅಂತ ತಿಳಕೋ."

"ಅಂಥಾ ಮಂದಿ ಎಲ್ಲಿ ಸಿಗ್ತಾರವ್ವಾ?"

"ಸಿಗಂಗಿಲ್ಲ. ಲೆಕ್ಕದಾಗ ಅಷ್ಟ ಸಿಗ್ತಾರ."

ಆಮೇಲೆ ಕಟ್ಟೆ ಒಡೆಯಿತು. ಹೊಲವನ್ನು ಹಾಳೆಯ ಮೇಲೆ ಗೆರೆ ಎಳೆದು ಹಂಚಿದವರೆಷ್ಟು, ಆರು ಮಂದಿ ಎದ್ದು ನಿಂತು ಕಳೆ ಕಿತ್ತು ತೋರಿಸಿದ್ದೆಷ್ಟು! ಒಂದು ದಿನ ಸಾಕು ಎಂದು ನನ್ನನ್ನು ಒಪ್ಪಿಸುವವರೆಗೆ ಬಿಡಲಿಲ್ಲ. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ಸರ್ ಎದ್ದು, "ವಿಷಯ ಇದ ಇರ್ಲಿವಾ, ಮುಂದುವರಸು" ಎಂದರು. ಅಂದಿನಿಂದ ಇಂದಿನವರೆಗೆ ಓಣಿಯಲ್ಲಿ ನಾನು ಈ ಮಾತನ್ನು ಹೇಳದೆ ಬಿಟ್ಟ ಮನೆ ಯಾವುದಿದೆ? ಎದುರುಮನೆಯಾಕೆಗೆ ಎರಡು ಸಲ ಹೇಳಿದ್ದೇನೆ!

ಹೊರಡುವ ಮುಂಚೆ ಸರ್ ನನ್ನ ಹತ್ತಿರ ಬಂದು ಕೈ ಮುಗಿದರು. ಕಳಿಸಿ ಬರೋಣವೆಂದು ನಾನೂ ಎದ್ದೆ. ಆಗ ಕೇಳಿದರು: "ಅಜ್ಜಿ, ನೀವು ಎಲ್ಲೀತನಕ ಸಾಲಿ ಕಲ್ತೀರಿ?"

ರೇಷನ್ ಕಾರ್ಡಿನವರು ಕೇಳಿದ್ದಾರೆ, ಬ್ಯಾಂಕಿನವರು ಕೇಳಿದ್ದಾರೆ, ಜನಗಣತಿಯವರು ಕೇಳಿದ್ದಾರೆ. ತಮ್ಮ ಹುಟ್ಟಿದಾಗ ಅವನನ್ನು ಎತ್ತಿಕೊಳ್ಳಲು ಆಳು ಬೇಕಾಯಿತು, ಅಪ್ಪ ಶಾಲೆ ಬಿಡಿಸಿದ. ಎರಡನೇ ಇಯತ್ತೆ ಎಂದು ಪ್ರತಿಸಲ ನೆಲ ನೋಡುತ್ತ ಹೇಳಿದ್ದೇನೆ. ಈಗಲೂ ನೆಲ ನೋಡಿದೆ.

ನನಗಿಂತ ಮೊದಲು ಮೊಮ್ಮಗಳು ಹೇಳಿದಳು. ಏನೋ ಬರೆದುಕೊಳ್ಳುತ್ತಿದ್ದಳು, ತಲೆಯನ್ನೂ ಎತ್ತಲಿಲ್ಲ.

"ಕಲಿಯಾಕತ್ತಾಳ್ರಿ ಸರ್. ಇನ್ನೂ ಸಾಲಿ ಬಿಟ್ಟಿಲ್ಲ."

ಎರಡು ಜಡೆಯವಳು ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದಳು. "ಕುಂದ್ರ ಅಜ್ಜಿ" ಎಂದಳು. ಕುಳಿತೆ.